ಕೀಸುಳಿಗೆ ಹುಂಜ ಯಾಕೆ

ಹುಂಜದ ಜುಟ್ಟು ಅತಿಯಾಯಿತು, ಅಷ್ಟೆತ್ತರ ಬೇಡ, ಒಂದು ಚೂರು ಕೆರೆದು ತೆಗೆಯಬೇಕು ಎಂದುಕೊಂಡ ಸೋವಾ, ಆದರೆ ಬಾಯಿ ತೆರೆಯುವಷ್ಟರಲ್ಲಿ ಮಾತು ಎಲ್ಲೋ ಜಾರಿಹೋಯಿತು, ಅಂಗಳದಾಚೆ ತಗಡಿನ ಚಪ್ಪರದ ಕೆಳಗೆ ಟೆಟೇ ಕೂತಿದ್ದಾನೆ, ನಿಜವಾದ ಕೋಳಿಯಷ್ಟೇ ದೊಡ್ಡದೊಂದು ಮರದ ಹುಂಜವನ್ನು ತೊಡೆಗಳ ನಡುವೆ ಅವುಚಿಕೊಂಡು ಉಜ್ಜುತ್ತಿದ್ದಾನೆ, ಸರ್ ಸರ್ ಸರ್, ಒಳ್ಳೆಯ ಕೈ ಇವನದು, ತಾನೇ ಬೈದು ಬೈದು ತಿದ್ದಿದ ಕೈ, ಈಗ ಟೆಟೇಯ ತಲೆಯೂ ನರೆತಿದೆಯಲ್ಲ, ಯಾವಾಗ ನರೆಯಿತು — ಹೊಟ್ಟು ಬಿದ್ದಿರಬೇಕು, ವಾವಾ ಮರದ ಹೊಟ್ಟು ಬೆಳ್ಳಗಿರುತ್ತದೆ, ತಲೆಗೆ ಬಿದ್ದರೆ ಎಲ್ಲರೂ ಮುದುಕರೇ. ಆದರೆ ಕೀಸುಳಿಗೆ ಹುಂಜ ಯಾಕೆ, ಬೆಳಗಿನಿಂದ ಇದೊಂದು ಬಗೆಹರಿಯುತ್ತಿಲ್ಲ. ಟೆಟೇಯ ಬೆನ್ನ ಹಿಂದೆ ನೀಲಿ ಟಾರ್ಪಾಲಿನ ಕೆಳಗಿರುವುದು ಕೀಸುಳಿ, ಅದರಲ್ಲಿ ಅನುಮಾನವಿಲ್ಲ, ಸಮುದ್ರದ ಗಾಳಿ ಟಾರ್ಪಾಲಿನ ಅಂಚು ಎತ್ತಿದಾಗಲೆಲ್ಲ ಸೋವಾ ನೋಡಿದ್ದಾನೆ, ಚಪ್ಪಟೆ ತಳ, ದೋಣಿಯ ಹಾಗೆ ಚೂಪಾದ ಮೂತಿ, ಮೇಲೊಂದು ಹಿಡಿ, ಸೋದರಮಾವ ಸಾಯುವ ಮುಂಚೆ ತನ್ನ ಕೈಗಿಟ್ಟ, ಮರ ಹೆರೆದು ನಯ ಮಾಡುವ ಹಳೇ ಕೀಸುಳಿ ಥೇಟು ಹೀಗೇ ಇತ್ತು, ಇದು ಮನುಷ್ಯ ಮಲಗುವಷ್ಟು ದೊಡ್ಡದು, ಅಂದರೆ ಹೆಣದ ಪೆಟ್ಟಿಗೆ, ಅಂದರೆ ಬಡಗಿಯ ಪೆಟ್ಟಿಗೆ, ಸತ್ತವರ ಕಸುಬಿನದೇ ಆಕಾರ ಇಲ್ಲಿನ ಪೆಟ್ಟಿಗೆಗೆ, ಮೀನುಗಾರನಿಗೆ ಮೀನು, ಈರುಳ್ಳಿ ಮಾರಿದವಳಿಗೆ ಈರುಳ್ಳಿ, ಬಸ್ಸು ಓಡಿಸಿದವನಿಗೆ ಬಸ್ಸು, ಬಡಗಿಗೆ ಕೀಸುಳಿ. ಈಚೆಗೆ ಈ ಟೆಶಿ ಊರಲ್ಲಿ ಯಾವ ಬಡಗಿ ಸತ್ತಿದ್ದಾನೆ, ಯಾರೂ ಇಲ್ಲ, ಯಾರಿಗೆ ಎಂದು ಕೇಳಿದರೆ ಒಬ್ಬರೂ ಬಾಯಿ ಬಿಡುವುದಿಲ್ಲ, ಹಾಗಾದರೆ ತನಗೇ. ತನ್ನ ಚಪ್ಪರದಲ್ಲೇ, ತನ್ನ ಕಣ್ಣೆದುರಿಗೇ, ತನ್ನ ಪೆಟ್ಟಿಗೆಯನ್ನು ಮಾಡುತ್ತಿದ್ದಾರೆ, ತನಗೊಬ್ಬನಿಗೆ ಹೇಳದೆ.

ನಿನ್ನೆಯೋ ಮೊನ್ನೆಯೋ ನೇರವಾಗಿಯೇ ಕೇಳಿದ್ದ, ಲೋ ಟೆಟೇ, ಯಾರಿಗೋ ಇದು, ಟೆಟೇ ತಲೆ ಎತ್ತಲಿಲ್ಲ, ಗಿರಾಕಿದು ಅಟಾ, ಯಾವ ಗಿರಾಕಿಯೋ, ದೂರದವ್ರು ಅಟಾ ನಿಮಗ್ ಗೊತ್ತಿಲ್ಲ, ದೂರದವ್ರಿಗೆ ಊರು ಹೆಸ್ರು ಏನೂ ಇರಲ್ವೇನೋ, ಬಿಸ್ಲು ಬಂತು ಒಳಗ್ ಹೋಗಿ ಅಟಾ, ಅಕ್ಕ ನೋಡಿದ್ರೆ ನಂಗ್ ಬಯ್ತಾರೆ. ಅಟಾ ಎಂದರೆ ಅಪ್ಪ, ಚಪ್ಪರದವರಿಗೆಲ್ಲ ಸೋವಾ ಅಟಾ, ಅಕ್ಕ ಎಂದರೆ ಡೇಡೇ, ಸೋವಾನ ಹಿರಿಮಗಳು, ಈಗ ಚಪ್ಪರಕ್ಕೆ ಯಜಮಾನಿ, ಅಪ್ಪನ ಕೈ ನಡುಗತೊಡಗಿದ ಮೇಲೆ ಗಿರಾಕಿಗಳ ಹತ್ತಿರ ಮಾತು, ಮರ ತರಿಸುವುದು, ಎಲ್ಲ ಅವಳದೇ, ಅವಳನ್ನೂ ಕೇಳಿದ, ಅವಳು ಗಂಜಿಯ ಬಟ್ಟಲು ಕೈಗಿಟ್ಟು, ಮೊದ್ಲು ಇದ್ ಕುಡೀರಿ ಅಟಾ, ಆಮೇಲ್ ಎಲ್ಲಾ ಮಾತಾಡೋಣ ಎಂದಳು, ಆಮೇಲೆ ಎನ್ನುವುದು ಬರಲೇ ಇಲ್ಲ. ಆಸ್ಪತ್ರೆಯಿಂದ ಬಂದಾಗಿನಿಂದ ಹೀಗೇ, ತಲೆಯೊಳಗೆ ಹೊಟ್ಟು ತುಂಬಿದಂತೆ, ಒಂದು ಹಿಡಿಯಲು ಹೋದರೆ ಇನ್ನೊಂದು ಉದುರುತ್ತದೆ, ಆದರೆ ಒಂದು ಮಾತ್ರ ಚೆನ್ನಾಗಿ ನೆನಪಿದೆ, ಆಸ್ಪತ್ರೆಯ ಹಾಸಿಗೆ, ಎದೆಯಲ್ಲಿ ನೀರು ತುಂಬಿ ಉಸಿರು ಗೊರ ಗೊರ ಎನ್ನುತ್ತಿತ್ತು, ಬಾಗಿಲು ಅರ್ಧ ತೆರೆದಿತ್ತು, ಹೊರಗೆ ಡೇಡೇ ನಿಂತಿದ್ದವಳು ಹಾಗೇ ಗೋಡೆಗೆ ಜಾರಿ ನೆಲಕ್ಕೆ ಕೂತಳು, ತಲೆಗೆ ಸುತ್ತಿದ ಬಟ್ಟೆ ಬಿಚ್ಚಿಹೋಯಿತು, ನರ್ಸೊಬ್ಬಳು ಅವಳನ್ನು ತಬ್ಬಿ ಹಿಡಿದಿದ್ದಳು, ಒಳಗೆ ಬಂದಾಗ ಮುಖ ತೊಳೆದುಕೊಂಡು ಬಂದಿದ್ದಳು, ಏನಮ್ಮಾ ಎಂದರೆ ಏನಿಲ್ಲ ಅಟಾ, ನೀವ್ ಬೇಗ ಹುಷಾರಾಗ್ತೀರಂತೆ. ಹುಷಾರಾಗುವವನ ಸುದ್ದಿಗೆ ಯಾರಾದರೂ ನೆಲಕ್ಕೆ ಕೂರುತ್ತಾರೆಯೇ. ಡಾಕ್ಟರು ಹೇಳಿದ್ದೇನು ಎಂಬುದು ಸೋವಾನಿಗೆ ಆಗಲೇ ಗೊತ್ತಾಯಿತು, ತಾನು ಹೆಚ್ಚು ದಿನ ಉಳಿಯುವುದಿಲ್ಲ.

ಭಯವಿಲ್ಲ, ಭಯ ಯಾಕೆ, ಬದುಕಿಡೀ ಇದನ್ನೇ ಮಾಡಿದವನು, ಮೊದಲು ಸೋದರಮಾವನ ಜೊತೆ ದೋಣಿಯ ಅಡ್ಡಹಲಗೆ, ಆಮೇಲೆ ಶಾಲೆಯ ಬೆಂಚು, ಲಾರಿಗೆ ಮರದ ಮೈ, ದೊರೆಯನ್ನು ಹೊರುವ ಪಲ್ಲಕ್ಕಿ, ಆಮೇಲೆ ಬರೀ ಪೆಟ್ಟಿಗೆ, ಪೆಟ್ಟಿಗೆ, ಪೆಟ್ಟಿಗೆ. ಮೊದಲನೆಯದು ಏಡಿ, ಏಡಿ ಮಾರುತ್ತಿದ್ದ ದಪ್ಪನೆಯ ಹೆಂಗಸಿಗೆ, ಎಂಥ ಏಡಿ ಅದು, ಕೊಂಬುಗಳನ್ನು ಅಗಲಿಸಿ ನಿಂತ ಏಡಿ, ಊರೆಲ್ಲ ಬಂದು ನೋಡಿತು, ಆದರೆ ಹೊತ್ತವರು ಅವಳ ಮನೆ ಗೇಟಿನ ಹತ್ತಿರ ಬಂದು ನಿಂತರು, ಏಡಿ ಒಳಗೆ ಹೋಗಲಿಲ್ಲ, ಅಡ್ಡ ಮಾಡಿದರೂ ಇಲ್ಲ, ಓರೆ ಮಾಡಿದರೂ ಇಲ್ಲ, ಗೇಟಿನ ಅಳತೆ ತೆಗೆಯಬೇಕೆಂದು ಯಾರಿಗೆ ಹೊಳೆಯುತ್ತದೆ, ಕೊನೆಗೆ ಬೀದಿಯಲ್ಲೇ ಏಡಿಯ ಕಾಲು ಮುರಿದು ಒಳಗೆ ಒಯ್ದು ಮತ್ತೆ ಮೊಳೆ ಹೊಡೆದದ್ದು, ಸೋವಾನ ಕಣ್ಣಲ್ಲಿ ನೀರು, ಸತ್ತವಳ ಮಗಳು ಅಳುತ್ತ ಅಳುತ್ತಲೇ ನಕ್ಕುಬಿಟ್ಟಳು, ಬಿಡಣ್ಣಾ, ನಮ್ಮವ್ವನೂ ಈ ಗೇಟಲ್ಲಿ ಸಿಕ್ಕಾಕೊಳ್ಳೋಳು. ಆಮೇಲೆ ಸಿಂಹ, ಅದೊಂದು ದೊಡ್ಡ ಗಲಾಟೆ, ಕುಸ್ತಿ ಆಡುತ್ತಿದ್ದ ಯಾವನೋ ಸತ್ತ, ಅವನ ಮಕ್ಕಳು ಸಿಂಹ ಬೇಕು ಎಂದರು, ಸೋವಾ ಯಾವ ಮನೆತನ ಎಂದು ಕೇಳದೆ ಸಿಂಹ ಮಾಡಿದ, ಮಣ್ಣಿಗಿಡುವ ದಿನ ಬೆಳಿಗ್ಗೆ ಸಿಂಹವನ್ನು ಕುಲದ ಗುರುತಾಗಿ ಇಟ್ಟುಕೊಂಡ ಮನೆತನದ ಹಿರಿಯರು ದೊಣ್ಣೆ ಹಿಡಿದು ಬಂದರು, ನಮ್ ಸಿಂಹದ ಹೊಟ್ಟೇಲಿ ಮಲ್ಗೋಕೆ ಇವನ್ಯಾವನ್ರೀ, ನಮ್ ತಾತನೋ ಮುತ್ತಾತನೋ, ಹೆಣ ಅಂಗಳದಲ್ಲಿ, ಜನ ಬೀದಿಯಲ್ಲಿ, ಸೋವಾ ಮರ ಕೆತ್ತುವ ಬಾಚಿ ತೆಗೆದುಕೊಂಡು ಸಿಂಹದ ಕೇಸರವನ್ನೆಲ್ಲ ಬೋಳಿಸಿ, ಕಿವಿ ಜೋತುಬೀಳಿಸಿ, ನಾಯಿ ಮಾಡಿಬಿಟ್ಟ, ಹಿರಿಯರು ದೊಣ್ಣೆ ಕೆಳಗಿಟ್ಟರು, ಸತ್ತವನ ಮಗ, ಹೋಗ್ಲಿ ಬಿಡಿ ನಮ್ಮಪ್ಪಂಗೂ ನಾಯಿ ಅಂದ್ರೆ ಇಷ್ಟ. ಮನೆಗೆ ಬಂದು ಹೇಳಿದಾಗ ಹೆಂಡತಿ ಅಕ್ವೆಲೆ ನೆಲದ ಮೇಲೆ ಉರುಳಾಡಿ ನಕ್ಕಳು, ಮುಂದೆ ಯಾವ ದೊಡ್ಡ ಮನುಷ್ಯ ಬೀದಿಯಲ್ಲಿ ಜಂಬದಿಂದ ಹೋದರೂ, ಡೇಡೇ ಅಪ್ಪಾ, ಇವನ್ದು ಕೇಸರ ಬೋಳ್ಸಿದ್ರೆ ಏನಾಗ್ತಾನೆ ಎಂದು ಕಿವಿಯಲ್ಲಿ ಕೇಳುತ್ತಿದ್ದಳು.

ಎಲ್ಲಿ ಹೋದಳು ಈ ಅಕ್ವೆಲೆ. ಅದಾ ಎಂಬ ಊರಿಗೆ, ಹೌದು, ಹೇಳಿದ್ದರು, ಅವಳ ಅವಳಿ ತಂಗಿ ಅಕ್ವೊಕೊ ಅಲ್ಲಿ ಹಾಸಿಗೆ ಹಿಡಿದಿದ್ದಾಳಂತೆ, ನೋಡಿಕೊಳ್ಳಲು ಹೋಗಿದ್ದಾಳಂತೆ, ಚಿಕ್ಕಮ್ಮಂಗೆ ಯಾರಿದಾರೆ ಅಟಾ ಎಂದಳು ಡೇಡೇ, ತನಗೆ ಯಾರಿದ್ದಾರೆ ಮತ್ತೆ, ಆಸ್ಪತ್ರೆಗೆ ದಿನಾ ಮೀನಿನ ಸಾರು ತರುತ್ತಿದ್ದಳು, ಮೆಣಸು ಹಾಕಬೇಡ ಎಂದಿದ್ದಾರೆ ಡಾಕ್ಟರು ಎಂದರೆ ಡಾಕ್ಟ್ರು ನಿಮ್ ಜೊತೆ ಸಂಸಾರ ಮಾಡಿದಾರಾ ಎಂದು ಹಾಕಿಯೇ ತರುವವಳು, ಒಂದು ದಿನ ಸಾರು ಬರಲಿಲ್ಲ, ಮರುದಿನವೂ ಬರಲಿಲ್ಲ, ಗಂಡ ಸಾಯುವ ಹೊತ್ತಿನಲ್ಲಿ ತಂಗಿಯೇ ಹೆಚ್ಚಾದಳು. ಸಿಟ್ಟು ಬರುತ್ತದೆ ಸೋವಾನಿಗೆ, ಸಿಟ್ಟಿಗಿಂತ ಹೆಚ್ಚು ಸಂಕಟವಾಗುತ್ತದೆ, ಬೇವಿನ ಮರದ ಕೆಳಗೆ ಅವಳ ಮೇಜು ಖಾಲಿ ನಿಂತಿದೆ, ಇಡೀ ಬೀದಿಯ ಬಟ್ಟೆ ಅಲ್ಲೇ ಇಸ್ತ್ರಿಯಾಗುತ್ತಿತ್ತು, ಶಾಲೆಯ ಅಂಗಿ, ಚರ್ಚಿನ ಅಂಗಿ, ಎಲ್ಲಕ್ಕಿಂತ ಹೆಚ್ಚಾಗಿ ಸಾವಿಗೆ ಉಡುವ ಕಪ್ಪು ಕೆಂಪು ಬಟ್ಟೆ, ತಾನು ಇತ್ತ ಪೆಟ್ಟಿಗೆಗೆ ಕೊನೆಯ ಬಣ್ಣ ಬಳಿಯುತ್ತಿದ್ದರೆ ಅವಳು ಅತ್ತ ಆ ಪೆಟ್ಟಿಗೆಯ ಹಿಂದೆ ನಡೆಯುವವರ ಮಡಿಕೆಗಳನ್ನು ತೀಡುತ್ತಿದ್ದಳು, ನಮ್ಮಿಬ್ರಲ್ಲಿ ಯಾರ್ದು ಹೆಚ್ಚು ಹೇಳು ಎಂದು ಒಮ್ಮೆ ಕೆಣಕಿದ್ದ, ನಂದೇ, ಅದ್ರಲ್ಲೇನು, ನೀವ್ ಮಾಡಿದ್ದು ಮಧ್ಯಾಹ್ನಕ್ಕೆ ಮಣ್ಣಿಗೋಗುತ್ತೆ, ನಾನ್ ಮಾಡಿದ್ದನ್ನ ಸಂಜೆವರ್ಗೂ ನಾಲ್ಕ್ ಜನ ನೋಡ್ತಾರೆ. ಮಾತಿಗೆ ಸೋಲುವವಳಲ್ಲ, ಬಲಗೈ ಹೆಬ್ಬೆರಳನ್ನು ಬಾಯಿಗಿಟ್ಟು ಊದಿಕೊಂಡು ಹೇಳುತ್ತಿದ್ದಳು, ಆ ಹೆಬ್ಬೆರಳು ಯಾವಾಗಲೂ ಸುಟ್ಟುಕೊಂಡಿರುತ್ತಿತ್ತು, ತುದಿಯಲ್ಲಿ ಕಪ್ಪಗೆ ಗಟ್ಟಿಯಾದ ಕಲೆ. ಆದರೆ ಅವಳು ಹೇಳಿದ್ದು ನಿಜವೇ, ಇಷ್ಟು ವರ್ಷದ ಕೆಲಸದಲ್ಲಿ ಮೇಲೆ ಉಳಿದಿರುವುದು ಯಾವುದು, ಏಡಿ ಮಣ್ಣಲ್ಲಿ, ನಾಯಿ ಮಣ್ಣಲ್ಲಿ, ಲಾರಿ ನಿಲ್ದಾಣದಲ್ಲಿ ಕೂಗುತ್ತಿದ್ದವನ ಧ್ವನಿವರ್ಧಕ ಮಣ್ಣಲ್ಲಿ, ಒಂದು ಕುರ್ಚಿ ಮಾಡಿದ್ದರೆ ಯಾರಾದರೂ ಇವತ್ತು ಕೂತಿರುತ್ತಿದ್ದರು. ಇದನ್ನು ಹೆಮ್ಮೆ ಎನ್ನಬೇಕೋ ನಷ್ಟ ಎನ್ನಬೇಕೋ ಅವನಿಗೆ ತಿಳಿಯುವುದಿಲ್ಲ.

ಇಲ್ಲ, ಅವಳು ಬಂದಿದ್ದಾಳೆ, ಬಂದಿದ್ದಾಳಲ್ಲ, ಇವತ್ತು ಬೆಳಿಗ್ಗೆ ತಾನೇ ನೋಡಿದ್ದು, ಅಥವಾ ಅದು ಕನಸೋ, ಬಚ್ಚಲಿಗೆ ಹೋಗಲು ಎದ್ದಾಗ ನಲ್ಲಿಯ ಹತ್ತಿರ ಅಕ್ವೆಲೆ ಬಕೆಟ್ಟು ಹಿಡಿದು ಬಾಗಿದ್ದಳು, ಅದೇ ಬೆನ್ನು, ಅದೇ ಅಗಲ ಸೊಂಟ, ಕುಳ್ಳಗೆ, ಕತ್ತು ಒಂದು ಕಡೆ ವಾಲಿಸಿ, ಏ ಅಕ್ವೆಲೆ, ಯಾವಾಗ್ ಬಂದ್ಯೇ ಎಂದು ಕರೆದ, ಅವಳು ತಿರುಗಿದಳು, ಅದೇ ಮುಖ, ಸೆರಗು ಎತ್ತಿ ಬಾಯಿಗೆ ಅದುಮಿಕೊಂಡಳು, ಒಂದು ಮಾತೂ ಆಡದೆ ಒಳಗೆ ಓಡಿಬಿಟ್ಟಳು, ಬಕೆಟ್ಟು ತುಂಬಿ ನೀರು ಚೆಲ್ಲುತ್ತಲೇ ಇತ್ತು. ಮಾತು ಬಿಟ್ಟಿದ್ದಾಳೆಯೇ, ಯಾಕೆ, ತಾನೇನು ಮಾಡಿದೆ, ಆಸ್ಪತ್ರೆಗೆ ಸೇರುವ ಹಿಂದಿನ ದಿನ ಸಾರಿಗೆ ಉಪ್ಪಿಲ್ಲ ಎಂದು ತಟ್ಟೆ ತಳ್ಳಿದ್ದಕ್ಕೆ ಇನ್ನೂ ಮುನಿಸೇ, ಅಕ್ವೆಲೆ ಹಾಗೆ ಮುನಿಸಿಟ್ಟುಕೊಳ್ಳುವವಳಲ್ಲ, ಅಲ್ಲೇ ಬಯ್ದು ಅಲ್ಲೇ ಮರೆಯುವವಳು, ಮತ್ತೆ ಸೆರಗು ಹಿಡಿದ ಆ ಕೈ, ಹೆಬ್ಬೆರಳು — ಆ ಹೆಬ್ಬೆರಳು ನುಣ್ಣಗಿತ್ತು. ಬೆಳಕು ಸಾಲದೆ ಹಾಗೆ ಕಂಡಿರಬೇಕು. ಡೇಡೇಯನ್ನು ಕೇಳಿದರೆ ಇಲ್ಲ ಅಟಾ ಯಾರೂ ಬಂದಿಲ್ಲ, ನೀವ್ ಕನಸ್ ಕಂಡ್ರೇನೋ ಎಂದಳು, ಹೇಳುವಾಗ ಅವಳ ಕಣ್ಣು ಅಡಿಗೆಮನೆಯ ಪರದೆಯ ಕಡೆ ಹೋಯಿತು, ಪರದೆಯ ಕೆಳಗೆ ಎರಡು ಪಾದ ಕಾಣುತ್ತಿದ್ದವು, ಕೇಳಬೇಕೆಂದುಕೊಂಡ, ಅಷ್ಟರಲ್ಲಿ ಹೊರಗೆ ಸರ್ ಸರ್ ಸರ್ ಎಂದು ಶುರುವಾಯಿತು, ಹುಂಜ ಕಾಣಿಸಿತು, ಪಾದದ ವಿಷಯ ಮರೆತುಹೋಯಿತು.

ಹುಂಜಕ್ಕೆ ಒಂದು ಕಾರಣ ಹೊಳೆದಿದೆ ಈಗ, ಬೆಳಗಾಗುವ ಮುಂಚೆ ಸುತ್ತಿಗೆ ಹಿಡಿದು ಬೀದಿಯನ್ನೆಲ್ಲ ಎಬ್ಬಿಸುತ್ತಿದ್ದವನು ತಾನೇ, ಹುಂಜ ಕೂಗೋದಕ್ ಮುಂಚೆ ಸೋವಾ ಕುಟ್ಟುತ್ತಾನೆ ಎಂದು ನೆರೆಯವರು ಶಾಪ ಹಾಕುತ್ತಿದ್ದರು, ಅದನ್ನು ನೆನಪಿಟ್ಟುಕೊಂಡು ಟೆಟೇ ಕೀಸುಳಿಯ ಮೂತಿಗೆ ಹುಂಜ ಕೂರಿಸುತ್ತಿದ್ದಾನೆ, ಜಾಣ, ಕೆಲಸಗಾರ ಎಂದರೆ ಹೀಗಿರಬೇಕು. ಬಂದು ಹೋಗುವವರ ಅರ್ಥವೂ ಆಗುತ್ತಿದೆ, ದೋಣಿಯ ಬೋಯೇ ನಿನ್ನೆ ಬಂದು ಕೈ ಹಿಡಿದುಕೊಂಡು ಸುಮ್ಮನೆ ಕೂತಿದ್ದ, ಮೀನಿನ ಸುದ್ದಿ ಇಲ್ಲ, ಬಲೆಯ ಸುದ್ದಿ ಇಲ್ಲ, ಏಳುವಾಗ ಧೈರ್ಯ ತಗೋ ಸೋವಾ ಎಂದ, ಸಾಯುವವನಿಗೆ ಹೇಳುವ ಮಾತೇ ಅದು, ಹಾಗಿದ್ದರೆ ಅವನು ಗೇಟಿನಾಚೆ ಹೋಗಿ ತೋಳಿಗೆ ಕೆಂಪು ಬಟ್ಟೆ ಕಟ್ಟಿಕೊಂಡದ್ದು ಯಾಕೆ, ಒಳಗೆ ಬರುವಾಗ ಜೇಬಿನಲ್ಲಿತ್ತು, ಹೊರಗೆ ಹೋಗಿ ಕಟ್ಟಿಕೊಂಡ, ಬೇರೆ ಎಲ್ಲೋ ಸಾವಿಗೆ ಹೊರಟಿದ್ದನೇನೋ. ಬೋಯೇಯ ಮಗ ಸಮುದ್ರದಲ್ಲಿ ಹೋದಾಗ ಬೋಯೇ ಹೀಗೇ ಹಾಸಿಗೆ ಹಿಡಿದಿದ್ದ, ಮಲಗಿದವರಿಗೆ ಸಾವಿನ ಸುದ್ದಿ ಹೇಳುವ ಹಾಗಿಲ್ಲ, ಹೆಣ ಶೀತದ ಮನೆಯಲ್ಲಿ ಕಾಯಲಿ, ಎದ್ದು ನಿಂತ ಮೇಲೆ ಹಿರಿಯರು ಬೆಳಿಗ್ಗೆ ಬಂದು ನೆಲಕ್ಕೆ ಮದ್ಯ ಸುರಿದು ಸುತ್ತಿ ಬಳಸಿ ಹೇಳಬೇಕು, ಅಲ್ಲಿಯವರೆಗೆ ಊರೆಲ್ಲ ಸೇರಿ ಸುಳ್ಳು ಹೇಳಿತ್ತು, ಮಗ ತೇಮಾ ಬಂದರಿಗೆ ಹೋಗಿದಾನೆ ಎಂದು ಬೋಯೇಗೆ ಮುಖ ನೋಡಿ ಹೇಳಿದವನು ಸೋವಾ, ಹೇಳಿ ಬಂದು ಇದೇ ಚಪ್ಪರದಲ್ಲಿ ಕೆಂಪು ಮೀನಿಗೆ ರೆಕ್ಕೆ ಜೋಡಿಸಿದ್ದ. ಬೋಯೇಗೆ ಎಲ್ಲ ಗೊತ್ತಿತ್ತೋ ಏನೋ, ಮೀನಿನ ಕಣ್ಣು ಯಾವ ಬಣ್ಣ ಮಾಡ್ದೆ ಎಂದು ಆಮೇಲೆ ಕೇಳಿದ. ಈ ನೆನಪು ಈಗ ಯಾಕೆ ಬಂತು ಎಂದು ಸೋವಾ ಯೋಚಿಸಿದ.

ಮಧ್ಯಾಹ್ನವಾಯಿತು, ಹುಳಿ ಜೋಳದ ಹಿಟ್ಟಿನ ಕೆಂಕೆ ಬೇಯಿಸುವ ವಾಸನೆ ಬೀದಿಯಿಂದ ಬಂತು, ಟೆಟೇ ಹುಂಜಕ್ಕೆ ಕೆಂಪು ಬಳಿದು ಹೊಸ್ತಿಲ ಮೇಲೆ ಬಿಸಿಲಿಗೆ ಇಟ್ಟು ಊಟಕ್ಕೆ ಎದ್ದ, ಡೇಡೇ ಗೇಟಿನಾಚೆ ಯಾರ ಜೊತೆಗೋ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು, ಚಪ್ಪರ ಖಾಲಿ. ಸೋವಾ ಕೋಲೂರಿ ಅಂಗಳ ದಾಟಿದ, ಮೊದಲು ಕಣ್ಣು ಹೋದದ್ದು ಕಂಬದ ಮೊಳೆಗೆ, ಮೊಳೆಯಲ್ಲಿ ಗಂಟು ಹಾಕಿದ ದಾರ ನೇತಾಡುತ್ತಿತ್ತು, ಅಲ್ಲೇ ಇರುತ್ತದೆ ಎಂದು ಅವನಿಗೆ ಗೊತ್ತು, ಅವನೇ ಮಾಡಿದ ಕಟ್ಟಳೆ, ಹೊರಗೆ ಏಡಿಯಾಗಲಿ ಬಸ್ಸಾಗಲಿ, ಒಳಗೆ ಮಾತ್ರ ಸತ್ತವರ ಅಳತೆ, ಮನೆಯವರು ಹೆಣದ ನೆತ್ತಿಯಿಂದ ಹಿಮ್ಮಡಿಗೆ ದಾರ ಹಿಡಿದು ಗಂಟು ಹಾಕಿ ತರಬೇಕು, ಬಾಯಿಮಾತಿನಲ್ಲಿ ಉದ್ದ ಹೇಳಿದರೆ ಎಲ್ಲರೂ ತಮ್ಮ ಅಪ್ಪನನ್ನು ಎರಡು ಗೇಣು ಉದ್ದ ಮಾಡಿಯೇ ಹೇಳುತ್ತಾರೆ. ದಾರದ ಒಂದು ತುದಿಯನ್ನು ಕಾಲಡಿ ಮೆಟ್ಟಿ ಗಂಟನ್ನು ಮೇಲಕ್ಕೆ ಎಳೆದ, ಗಂಟು ಎದೆಗೆ ಬಂದು ನಿಂತಿತು. ಇನ್ನೊಮ್ಮೆ ಎಳೆದ, ಎದೆಗೇ, ಇದೇನಿದು, ಬೆನ್ನು ಬಾಗಿರಬಹುದು, ಆದರೂ ಇಷ್ಟೊಂದು ಕುಳ್ಳಗಾಗಿಲ್ಲ ತಾನು, ಯಾವಾಗ ಅಳೆದರು ತನ್ನನ್ನು — ಗೊತ್ತಾಯಿತು, ಮಲಗಿದ್ದಾಗ, ನಿದ್ದೆಯಲ್ಲಿ, ತಾನು ಮೊಣಕಾಲು ಎದೆಗೆ ಮಡಚಿಕೊಂಡು ಮಲಗುವುದಲ್ಲವೇ, ಈ ಪೆದ್ದರು ಹಾಗೇ ದಾರ ಹಿಡಿದು ಗಂಟು ಹಾಕಿದ್ದಾರೆ, ಬದುಕಿರುವವನನ್ನು ಕದ್ದು ಅಳೆದರೆ ಹೀಗೇ ಆಗುವುದು. ಡೇಡೇ, ಎಂದು ಕೂಗಿದ, ಅವಳು ಗೇಟಿನಿಂದ ಓಡಿಬಂದಳು, ಏನೇ ಇದು, ಇಷ್ಟ್ ಗಿಡ್ಡ ಮಾಡಿಸಿದೀಯಲ್ಲ, ಇದ್ರೊಳಗೆ ಮೊಣಕಾಲ್ ಮಡ್ಚಿ ತುರುಕ್ತೀರಾ ನನ್ನ, ನಾಳೆ ಜನ ನೋಡಿ ನಗಲ್ವಾ, ಸೋವಾನ ಚಪ್ಪರದಲ್ಲಿ ಸೋವಾನಿಗೇ ಅಳತೆ ತಪ್ಪಿತು ಅಂತ. ಡೇಡೇ ದಾರವನ್ನು ನೋಡಿದಳು, ಅಪ್ಪನನ್ನು ನೋಡಿದಳು, ಅದು ನಿಮ್, ಎಂದು ಶುರುಮಾಡಿದವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮನೆಯೊಳಗೆ ಹೋಗಿಬಿಟ್ಟಳು, ಅಳ್ಬೇಡ್ವೇ, ನಾನ್ ಸಾಯೋದಕ್ ಬಯ್ಯಲಿಲ್ಲ, ಕೆಲಸಕ್ ಬಯ್ದೆ, ಎಂದು ಸೋವಾ ಅವಳ ಬೆನ್ನಿಗೆ ಹೇಳಿದ.

ತೋರಿಸಿಯೇ ಬಿಡಬೇಕು ಇವರಿಗೆ, ಬದುಕಿದ್ದವನು ಪೆಟ್ಟಿಗೆಯಲ್ಲಿ ಮಲಗಬಾರದು ಎಂದು ಸೋದರಮಾವ ಕಿವಿ ಹಿಂಡಿ ಕಲಿಸಿದ್ದ, ಮಲಗಿದರೆ ಪೆಟ್ಟಿಗೆ ಹೆಸರು ಕೇಳುತ್ತದಂತೆ, ಕೇಳಲಿ, ತನ್ನದೇ ಹೆಸರು ತಾನೆ. ಟಾರ್ಪಾಲಿನ ಹಗ್ಗ ಬಿಚ್ಚಲು ಬೆರಳಿಗೆ ಆಗಲಿಲ್ಲ, ಅಂಚು ಎತ್ತಿ ಒಳಗೆ ನುಸುಳಿದ, ನೀಲಿ ಕತ್ತಲೆ, ಹಸಿ ಬಣ್ಣದ ವಾಸನೆ, ಹಿಡಿಯಿದ್ದ ಮುಚ್ಚಳ ಹಿಂದಕ್ಕೆ ತೆರೆದು ನಿಂತಿದೆ, ಪೆಟ್ಟಿಗೆ ಕೆಳಗೆ ದಿಮ್ಮಿಗಳ ಮೇಲೇ ಇದೆ, ಒಂದು ಕಾಲು ಇಟ್ಟ, ಅಂಚು ಹಿಡಿದ, ಇನ್ನೊಂದು ಕಾಲು ಎಳೆದುಕೊಂಡ, ಏದುಸಿರು ಬಂತು, ಕೂತ, ಮಲಗಿದ. ಹೇಳಲಿಲ್ಲವೇ ತಾನು, ತಲೆ ತಾಗಿತು, ಕಾಲು ಮೂತಿಗೆ ತಾಗಿ ಮಡಚಿಕೊಂಡಿತು, ಪಕ್ಕಕ್ಕೆ ತಿರುಗಿ ಮೊಣಕಾಲು ಎದೆಗೆ ತಂದುಕೊಂಡ, ಆಗ ಸರಿಹೋಯಿತು, ಅಕ್ವೆಲೆಯ ಗಿಡ್ಡ ಮಂಚದಲ್ಲಿ ಹೀಗೇ ಮಲಗಿ ಅಭ್ಯಾಸವಾದದ್ದು, ಅವಳ ಅಳತೆಗೆ ಮಾಡಿದ ಮಂಚ ಅದು, ಮದುವೆಗೆ ಮುಂಚೆ ಮಾಡಿದ್ದು, ನೀವೂ ಮಲಗ್ತೀರಿ ಅನ್ನೋದು ಮರ್ತೇಬಿಟ್ರಾ ಎಂದು ಮೊದಲ ದಿನವೇ ನಕ್ಕಿದ್ದಳು, ದೊಡ್ಡದು ಮಾಡ್ತೀನಿ ಎಂದರೆ ಬೇಡ ಬಿಡಿ ಎಂದಿದ್ದಳು. ಕಣ್ಣು ಕತ್ತಲೆಗೆ ಹೊಂದಿಕೊಂಡಿತು. ಪಕ್ಕದ ಹಲಗೆಯಲ್ಲಿ ಬೆಳಕು ಕಂಡಿತು, ದುಂಡನೆಯ ಬೆಳಕು, ಒಂದರ ಪಕ್ಕ ಒಂದು, ತೂತುಗಳು, ತಳದ ಹತ್ತಿರ ಸಾಲಾಗಿ ಕೊರೆದಿದ್ದಾರೆ, ಟಾರ್ಪಾಲಿನ ಅಂಚು ಎತ್ತಿಕೊಂಡಿರುವ ಕಡೆಯಿಂದ ಬಿಸಿಲು ಬರುತ್ತಿದೆ, ಬೆರಳಿಟ್ಟು ನೋಡಿದ, ನಯವಾಗಿ ಅರ ಹಾಕಿದ್ದಾರೆ, ತಪ್ಪಿ ಆದದ್ದಲ್ಲ. ಕೀಸುಳಿಗೆ ತೂತು ಇರುವುದಿಲ್ಲ. ದೋಣಿಗೂ ಇರುವುದಿಲ್ಲ. ತೂತು ಗಾಳಿಗೆ, ಗಾಳಿ ಕೆಂಡಕ್ಕೆ, ಚಪ್ಪಟೆ ತಳ, ಚೂಪು ಮೂತಿ, ಮೇಲೆ ಹಿಡಿ, ಮೂತಿಯ ಮೇಲೆ —

ಬೇವಿನ ಮರದ ಕೆಳಗೆ, ಯಾವ ವರ್ಷವೋ, ಟೆಟೇ ಆಗಿನ್ನೂ ಮೀಸೆ ಬಾರದವನು ಪಕ್ಕದಲ್ಲಿ ಹೊಟ್ಟು ಗುಡಿಸುತ್ತಿದ್ದ, ಅಕ್ವೆಲೆ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಗಾಳಿಗೆ ಬೀಸುತ್ತಿದ್ದಳು, ತೂತುಗಳಿಂದ ಕಿಡಿ ಹಾರುತ್ತಿತ್ತು, ನೀನ್ ಸತ್ರೆ ನಿಂಗೆ ಇದ್ನೇ ಮಾಡ್ತೀನಿ ನೋಡು ಎಂದ ಸೋವಾ ತಮಾಷೆಗೆ, ಮಾಡಿ, ಯಾರ್ ಬೇಡ ಅಂದ್ರು, ಡೇಡೇ ಅಪ್ಪಾ, ಆದ್ರೆ ತೂತು ಮರೀಬೇಡಿ, ನಂಗೆ ಉಸ್ರು ಕಟ್ಟುತ್ತೆ, ಹುಂಜಾನೂ ಮರೀಬೇಡಿ, ಹುಂಜ ಇಲ್ದಿದ್ರೆ ಮುಚ್ಚಳ ನಿಲ್ಲಲ್ಲ, ಎಂದು ನಕ್ಕು ಇಸ್ತ್ರಿಯ ಮೂತಿಯ ಮೇಲಿದ್ದ ಕಬ್ಬಿಣದ ಪುಟ್ಟ ಹುಂಜದ ಜುಟ್ಟಿಗೆ ಹೆಬ್ಬೆರಳು ಒತ್ತಿ ಅಗುಳಿ ತೆಗೆದಳು, ಅಯ್ಯಯ್ಯೋ ಸುಟ್ತು, ಬೆರಳು ಬಾಯಿಗಿಟ್ಟುಕೊಂಡಳು, ಪ್ರತಿಸಲವೂ ಬಟ್ಟೆ ಸುತ್ತಿಕೋ ಎಂದರೆ ಕೇಳುವವಳಲ್ಲ. ಟೆಟೇ ಕೇಳಿಸಿಕೊಂಡಿದ್ದಾನೆ. ಟೆಟೇ ಮರೆಯಲಿಲ್ಲ, ತಾನು ಮರೆತೆ. ಅದಾ ಊರು, ಅಕ್ವೊಕೊ ಹಾಸಿಗೆ ಹಿಡಿದಿದ್ದಾಳೆ, ಇಲ್ಲ, ಅಕ್ವೊಕೊ ನಲ್ಲಿಯ ಹತ್ತಿರ ಇದ್ದಳು, ನುಣ್ಣನೆಯ ಹೆಬ್ಬೆರಳು, ಹಾಗಾದರೆ ಅದಾದಲ್ಲಿ ಅಕ್ವೆಲೆ ನೋಡಿಕೊಳ್ಳುತ್ತಿರುವುದು ಯಾರನ್ನು, ಸಾರು ಬಾರದ ದಿನ, ಡೇಡೇ ನೆಲಕ್ಕೆ ಕೂತ ದಿನ, ಅದು ಒಂದೇ ದಿನವೇ, ಎದೆಯವರೆಗೆ ಬಂದ ದಾರದ ಗಂಟು, ಎದೆಯವರೆಗೆ ಬರುತ್ತಿದ್ದವಳು, ತಬ್ಬಿಕೊಂಡರೆ ನೆತ್ತಿ ಸರಿಯಾಗಿ ಅಲ್ಲಿಗೇ —

ಅಟಾ, ಅಟಾ ಎಲ್ಲಿದೀರಾ, ಡೇಡೇ ಅಂಗಳದಲ್ಲಿ ಕೂಗುತ್ತಿದ್ದಾಳೆ, ಅಯ್ಯೋ ಟೆಟೇ, ಕೋಲು ಇಲ್ಲೇ ಬಿದ್ದಿದೆ ನೋಡೋ, ಓಡುವ ಹೆಜ್ಜೆಗಳು, ಟಾರ್ಪಾಲು ಬಡಬಡನೆ ಮೇಲೆದ್ದಿತು, ಬೆಳಕು ಕಣ್ಣಿಗೆ ಹೊಡೆಯಿತು, ಏಳಿ ಅಟಾ, ದಮ್ಮಯ್ಯ ಏಳಿ, ಅದ್ರಲ್ಲಿ ಮಲಗ್ಬಾರ್ದು, ಅದು ನಿಮ್ದಲ್ಲ ಅಟಾ, ಟೆಟೇ ಬಾಯಲ್ಲಿ ಅನ್ನವಿಟ್ಟುಕೊಂಡೇ ಅಳುತ್ತಿದ್ದಾನೆ, ಅವರ ಹಿಂದೆ ಅಕ್ವೆಲೆಯ ಮುಖ ಹೊತ್ತ ಇನ್ನೊಬ್ಬಳು ಬಗ್ಗಿ ಕೈ ಚಾಚಿದ್ದಾಳೆ, ಭಾವಾ, ಕೈ ಕೊಡಿ ಭಾವಾ. ಭಾವ ಎಂದಳು. ಅಕ್ವೆಲೆ ಅವನನ್ನು ಒಂದು ದಿನವೂ ಭಾವ ಎಂದು ಕರೆದವಳಲ್ಲ. ಯಾರದು ಎಂದು ಕೇಳಬೇಕು, ಕೇಳಿದರೆ ಹೇಳಿಬಿಡುತ್ತಾರೆ, ಕೇಳದಿದ್ದರೆ ಅವಳಿನ್ನೂ ಅದಾದಲ್ಲಿದ್ದಾಳೆ, ನಾಳೆಯೋ ನಾಡಿದ್ದೋ ಬರುತ್ತಾಳೆ, ಸಾರಿಗೆ ಮೆಣಸು ಹಾಕುತ್ತಾಳೆ, ಸೋವಾ ಚಾಚಿದ ಕೈಯನ್ನು ಹಿಡಿಯಲಿಲ್ಲ, ಮೊಣಕಾಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡು ತೂತಿಗೆ ಕಣ್ಣಿಟ್ಟ. ಆಚೆ ಹೊಸ್ತಿಲು, ಬಿಸಿಲು, ಬಿಸಿಲಲ್ಲಿ ಹುಂಜ, ಕೆಂಪು ಇನ್ನೂ ಹಸಿಯಾಗಿದೆ, ಲೋ ಟೆಟೇ, ಎಂದ, ದನಿ ತನ್ನದೇ ಎಂದು ಅವನಿಗೆ ಗೊತ್ತಾಗಲಿಲ್ಲ, ಜುಟ್ಟು ಕೆರೀಬೇಡ ಕಣೋ, ಅಷ್ಟೆತ್ತರಾನೇ ಇರ್ಲಿ, ಒತ್ತೋಕೆ ಜಾಗ ಬೇಕು, ಅವ್ಳಿಗೆ ಒತ್ತೋಕೆ — ಹುಂಜ, ಕೆಂಪು ಜುಟ್ಟು, ಜುಟ್ಟಿನ ಮೇಲೆ ಹೆಬ್ಬೆರಳು, ಹುಂಜ, ಹೆಬ್ಬೆರಳು, ಕೆಂಪು ಜುಟ್ಟಿನ ಮೇಲೆ ಅವಳ ಸುಟ್ಟ ಹೆಬ್ಬೆರಳು